ತುಂಬಿ ಬಂದ ಗುಳಿಗೆ ಡಬ್ಬಿ

ಭಾಲ್ಕಿಯಿಂದ ಬೆಳಗಿನ ಬಸ್ಸಿಗೆ ಬೀದರ್ ತಲುಪಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಖುಷಿಗೆ ಒಂದು ಪ್ಲೇಟ್ ಮಂಡಕ್ಕಿ ಸುಸ್ಲಾ ತಿಂದು ಆಸ್ಪತ್ರೆಗೆ ಹೋದೆ. ಅಲ್ಲಿ ನಾನು ಔಷಧ ಪರೀಕ್ಷೆಯ ನರ್ಸ್. ಎಲುಬಿಗೂ ಹರಡಿದ ಸ್ತನ ಕ್ಯಾನ್ಸರಿಗೆ ಹಳೆಯ ಗುಳಿಗೆಯ ಜೊತೆ ಹೊಸದೊಂದನ್ನು ಸೇರಿಸಿ ಕೊಟ್ಟರೆ ರೋಗ ಇನ್ನಷ್ಟು ಕಾಲ ಹತೋಟಿಯಲ್ಲಿರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಡಬ್ಬಿಯನ್ನು ಉಳಿದ ಗುಳಿಗೆಗಳ ಸಮೇತ ಮರಳಿಸುವುದು ನಿಯಮ.

ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ ತಂದಿದ್ದ ಎಕಂಬಾ ಹಳ್ಳಿಯ ಶರಣಪ್ಪ, ಹೆಂಡತಿ ಕಲಾವತಿಬಾಯಿಯ ಡಬ್ಬಿ ಕೊಟ್ಟರು. ಮುಚ್ಚಳ ತೆರೆದರೆ ಅಂಚಿನವರೆಗೂ ಸಂಕ್ರಾಂತಿಯ ಕುಸುರೆಳ್ಳು.

"ಉಳದ ಗುಳಿಗಿ ಎಲ್ಲವ್ರಿ?"

"ನನಗೇನ್ ಗೊತ್ರಿ ಸಿಸ್ಟರ್. ಆಕಿ ಕೊಟ್ಳು, ನಾ ತಂದೆ."

ಮನೆಗಿದ್ದ ಒಂದೇ ಫೋನು ಅವರ ಜೇಬಿನಲ್ಲಿತ್ತು. ಡಾಕ್ಟರರು ಹೊಸ ಡಬ್ಬಿಯನ್ನು ನನ್ನ ಕೈಗಿಟ್ಟು, "ಗುಳಿಗಿ ಲೆಕ್ಕ ಸಿಕ್ರ ಕೊಟ್ಟು ಬಾ. ಇಲ್ಲಂದ್ರ ವಾಪಸ್ ತಾ" ಎಂದರು. ವಾಪಸ್ ತಂದರೆ ಕಲಾವತಿಬಾಯಿಯ ಚಿಕಿತ್ಸೆ ಅಲ್ಲಿಗೇ ನಿಲ್ಲಬಹುದಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಶರಣಪ್ಪನವರ ಖಾಲಿ ಟೆಂಪೋದಲ್ಲಿ ಅವರ ಊರಿಗೆ ಹೊರಟೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಔರಾದ್‌ಗೆ ನಲವತ್ತು ಕಿಲೋಮೀಟರ್; ಕುಲುಕಾಟಕ್ಕೆ ಹೊಟ್ಟೆಯೊಳಗಿನ ಸುಸ್ಲಾ ಎರಡು ಸಲ ಜಾಗ ಬದಲಿಸಿತು. ಔರಾದ್‌ನಲ್ಲಿ ಚಹಾ, ಮಿರ್ಚಿ ಭಜಿ. ದುಡ್ಡು ಕೊಡಲು ಅವರು ಬಿಡಲಿಲ್ಲ. "ಚಾ ಕುಡೀರಿ. ಚಿಂತಿ ಮಾಡಿದ್ರ ಗಾಡಿ ಜೋರ ಓಡಂಗಿಲ್ರಿ" ಎಂದರು.

ಎಕಂಬಾದ ಅಂಗಳದಲ್ಲಿ ಕಲಾವತಿಬಾಯಿ ಕುರಿಮರಿಗೆ ಹಾಲು ಕುಡಿಸುತ್ತಿದ್ದರು. ಕಳೆದ ವರ್ಷ ಎದ್ದು ಕೂರಲೂ ಇನ್ನೊಬ್ಬರ ಕೈ ಬೇಕಿತ್ತು. ನಾನು ಬಂದ ಕಾರಣ ಕೇಳಿ ಅವರಿಗೇ ಆಶ್ಚರ್ಯ.

"ಮಂದಿ ಡಬ್ಬಿ ಖಾಲಿ ಕಳಸ್ತಾರೇನ್ರಿ? ಅದೂ ಮನಿಗಿ ಜೀವಾ ತಂದ ಡಬ್ಬಿ."

ದೇವರ ಗೂಡಿನಿಂದ ತೊಳೆದಿಟ್ಟ ಕುಂಕುಮದ ಭರಣಿ ತಂದರು. ರಕ್ತಕಣ ಕಡಿಮೆಯಾದ ವಾರ ಡಾಕ್ಟರರು ನಿಲ್ಲಿಸಿದ್ದ ಗುಳಿಗೆಗಳು ಅದರಲ್ಲಿದ್ದವು, ಒಂದೂ ಕಡಿಮೆಯಿರಲಿಲ್ಲ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದವಳು ನಕ್ಕುಬಿಟ್ಟೆ. ಹೊಸ ಡಬ್ಬಿ ಕೊಟ್ಟು, ಇದರಲ್ಲಿ ಗುಳಿಗೆ ಬಿಟ್ಟು ಬೇರೇನೂ ಹಾಕಬೇಡಿ ಎಂದೆ. "ಆಯ್ತ್ರಿ" ಎಂದವರು ಊಟಕ್ಕಿಟ್ಟು, ತಮ್ಮ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಹಾಕಿ ನನ್ನ ಕೈಗಿತ್ತರು.

ಸಂಜೆ ಕಲಾವತಿಬಾಯಿ ಬಸ್ಸಿನ ತನಕ ಬಂದರು. "ಡಬ್ಬಿ ಯುಗಾದಿಗಿ ತರ್ರಿ."

"ಇಲ್ರಿ ಅಕ್ಕಾ. ಪಂಚಮಿಗಿ ಉಂಡಿ ತುಂಬಿ ತರ್ತೇನಿ. ನೀವೇ ಬಾಗಲಾ ತೆಗೀಬೇಕು."

ನಾಗರ ಪಂಚಮಿಗೆ ಇನ್ನೂ ಆರೇಳು ತಿಂಗಳಿತ್ತು. ಬೇಕೆಂದೇ ಹೇಳಿದ್ದೆ. ಅವರಿಗೂ ಅದು ತಿಳಿಯಿತು. ಬಸ್ಸು ಹೊರಟಾಗ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ನಡೆದು ಬಂದರು.

"ತೆಗೀತೇನಿ. ಬರ್ರಿ."