ತೊಟ್ಟಿಯ ಮುಚ್ಚಳ

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಗಂಡ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೇಷ್ಟ್ರು. ಹರಿಹರದ ಕಾರ್ಖಾನೆಯೊಂದರ ಕೊಳಚೆನೀರಿನ ತಳದಲ್ಲಿ ಉಳಿಯುವ ಕೆಸರನ್ನು ಮೂಟೆಗಟ್ಟಲೆ ತಂದು, ನಮ್ಮ ಮನೆಯ ತಾರಸಿಯಲ್ಲಿ ಒಣಗಿಸಿ, ಪುಡಿ ಮಾಡಿ, ಒಂದಿಷ್ಟು ಸಿಮೆಂಟಿನ ಬದಲು ಕಾಂಕ್ರೀಟಿಗೆ ಬೆರೆಸುತ್ತಿದ್ದರು. ನಾನು ಹಪ್ಪಳ ಒಣಗಿಸುವ ಜಾಗ ಅದು! ಪ್ರಯೋಗ ಮುಗಿದು ಮಿಕ್ಕ ಕಾಂಕ್ರೀಟಿನಲ್ಲಿ ಕುಡಿಯುವ ನೀರಿನ ತೊಟ್ಟಿಗೆ ಒಂದು ಮುಚ್ಚಳವನ್ನೂ ಮಾಡಿ ಹಾಕಿದರು.

ಅದರ ಮೇಲೆ ಅತ್ತೆ ನಮ್ಮ ಕೂಸನ್ನು ಎತ್ತಿಕೊಂಡು ಕಾಲಿಟ್ಟಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಮುರಿದರೆ ಕೆಳಗೆ ಆಳುದ್ದ ನೀರು. ನನ್ನ ಗೋಳು ತಾಳಲಾರದೆ ಒಂದು ಭಾನುವಾರ ಗಂಡ ಇಬ್ಬರು ಗೆಳೆಯರನ್ನು ಕರೆತಂದರು. ಮೂವರೂ ಮುಚ್ಚಳದ ಮೇಲೆ ಹತ್ತಿ ಕುಣಿದರು. ಒಂದು ಗೆರೆಯೂ ಬೀಳಲಿಲ್ಲ.

“ನೋಡಿದೇನು, ಹೆಂಗೈತೆ? ಇನ್ನು ಹೆದರಬ್ಯಾಡ.”

ಅಡಿಯಲ್ಲಿ ಬಿರುಕಿದೆಯೇನೋ ಎಂದು ಮುಚ್ಚಳ ಎತ್ತಿಸಿ ಬಗ್ಗಿ ನೋಡಿದೆ. ಬಿರುಕಿರಲಿಲ್ಲ. ಅಡಿಯೆಲ್ಲ ಬೆವರಿತ್ತು. ಹನಿಗಳು ಒಂದೊಂದಾಗಿ ತೊಟ್ಟಿಯೊಳಗೆ ಉದುರುತ್ತಿದ್ದವು. ಬೇಸಿಗೆಯಿಂದ ನಾವು ಕುಡಿಯುತ್ತಿದ್ದುದು ಅದೇ ನೀರು.

“ಆ ಕೆಸರಿನಾಗಿಂದು ನೀರಿಗೆ ಏನೂ ಇಳಿಯಾದಿಲ್ಲೇನ್ರಿ?” ಎಂದು ಕೇಳಿದೆ.

ಗಂಡನ ನಗು ಅಲ್ಲೇ ನಿಂತಿತು. “ಅದನ್ನ ಟೆಸ್ಟ್ ಮಾಡಿಲ್ಲ,” ಎಂದರು.

ಒಳಗಿನಿಂದ ಅತ್ತೆ ಕೂಗಿದರು: “ಕೂಸು ನೀರು ಕೇಳ್ತೈತೆ, ಒಂದ್ ಲೋಟ ತಾರವ್ವ.”