ಜಾಸೀರಾಳ ಒಂದೂವರೆ ನಿಮಿಷ

ಈಗ ನಮ್ಮೂರಿನ ಶಾಲೆಯಲ್ಲಿ ಸಾಯಂಕಾಲವಾದರೆ ಅರವತ್ತು ಹುಡುಗಿಯರು ರಿಬ್ಬನ್ ಬೀಸುತ್ತ, ಬಂಡಿಚಕ್ರದಷ್ಟು ದೊಡ್ಡ ಬಳೆ ಎಸೆದು ಹಿಡಿಯುತ್ತ ಗದ್ದಲ ಮಾಡುತ್ತಾರೆ. ಅವರ ಟೀಚರ್ ಜಾಸೀರಾಗೆ ತಲೆ ಪೂರ್ತಿ ಬೆಳ್ಳಗಾಗಿದೆ. ಇಂದಿಗೂ ಕಾಲೆತ್ತಿ ಕಿವಿಗೆ ತಾಗಿಸುತ್ತಾಳೆ. ನನಗೆ ಕಾಲೆತ್ತಿ ಬಸ್ ಹತ್ತುವುದೇ ಕಷ್ಟ.

ಅವಳು ನನ್ನ ನಾದಿನಿ ಅಲ್ಜೀರಾಳ ಮಗಳು. ಹದಿಮೂರನೇ ವಯಸ್ಸಿನಲ್ಲಿ ನಮ್ಮ ಹಿತ್ತಲಿನ ಪಪ್ಪಾಯಿ ಕಿತ್ತು, ಬಲಗೈಯಿಂದ ತೋಳಿನ ಮೇಲೆ ಉರುಳಿಸಿ, ಕತ್ತಿನ ಹಿಂದೆ ಹಾಯಿಸಿ, ಎಡಗೈಗೆ ತರುತ್ತಿದ್ದಳು. ಚೆಂಡಿನ ಅಭ್ಯಾಸವಂತೆ. ಶಾಲೆಯಲ್ಲಿ ಇದ್ದದ್ದು ಒಂದೇ ಚೆಂಡು, ಹುಡುಗಿಯರು ಹದಿನಾಲ್ಕು. ಆ ವರ್ಷ ನಮ್ಮ ಮನೆಯಲ್ಲಿ ಒಂದು ಪಪ್ಪಾಯಿಯೂ ಮರದಲ್ಲಿ ಹಣ್ಣಾಗಲಿಲ್ಲ. ಬಿದ್ದು ಒಡೆದದ್ದನ್ನೆಲ್ಲ ನಾನು ಸಕ್ಕರೆ ಹಾಕಿ ಕುದಿಸಿಟ್ಟೆ.

ಆಗ ಸಂಗೀತಕ್ಕೆ ತಕ್ಕಂತೆ ಮಾಡುವ ಈ ಜಿಮ್ನಾಸ್ಟಿಕ್ಸ್ ಆಟ ಏನೆಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಇರ್ಮಾ ಟೀಚರ್ ಎಲ್ಲಿಂದಲೋ ಒಂದು ಪುಸ್ತಕ ತರಿಸಿ, ಅದರ ಚಿತ್ರ ನೋಡಿ ಕಲಿಸುತ್ತಿದ್ದರು. ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವೆ ಏನು ಮಾಡಬೇಕೋ ಅದನ್ನು ಜಾಸೀರಾ ತಾನೇ ಹೊಲಿದುಕೊಂಡಳು. ಅಲ್ಜೀರಾಗೆ ಸುತರಾಂ ಇಷ್ಟವಿರಲಿಲ್ಲ. ಕಾಫಿ ತೋಟಗಳನ್ನೆಲ್ಲ ಹಿಮ ಸುಟ್ಟುಹಾಕಿದ ವರ್ಷ ಅವಳು ಮಗಳಿಗೆ ಕಟ್ಟಕಡೆಯ ಮಾತು ಹೇಳಿಬಿಟ್ಟಳು.

"ಸಾವೊ ಪೌಲೊದಲ್ಲಿ ಮೂರು ಜನಾನ ಆರಿಸ್ತಾರಂತಲ್ಲ, ಹೊರದೇಶಕ್ಕೆ ಕಳಿಸೋಕೆ? ಆ ಮೂರರಲ್ಲಿ ನೀನಿದ್ರೆ ಸರಿ. ಇಲ್ದಿದ್ರೆ ಈ ಕುಣಿತ ಮುಗೀತು. ನೋಂದಣಿ ಕಚೇರೀಲಿ ಮೊಹರು ಒತ್ತೋ ಕೆಲಸ ಹೇಳಿಟ್ಟಿದೀನಿ."

"ಅಮ್ಮಾ, ನಾನು ಕೂತು ಮಾಡೋ ಕೆಲಸದಲ್ಲಿ ಸತ್ತೇಹೋಗ್ತೀನಿ!"

"ಹಾಗಾದ್ರೆ ನಿಂತ್ಕೊಂಡು ಒತ್ತು."

ಇನ್ನು ಸಂಗೀತದ ಮಾತು. ಆಟಕ್ಕೆ ಒಂದೇ ಒಂದು ವಾದ್ಯ ಇರಬೇಕು, ಹಾಡು ಕೂಡದು, ಒಂದೂವರೆ ನಿಮಿಷ ಮೀರಕೂಡದು, ವಾದ್ಯದ ಕೊನೆಯ ಸ್ವರವೂ ಹುಡುಗಿಯ ಕೊನೆಯ ಭಂಗಿಯೂ ಒಟ್ಟಿಗೇ ಬರಬೇಕು. ಇದು ಅಂದಿನ ಕಾನೂನು. ಊರಿನಲ್ಲಿದ್ದ ಒಂದೇ ಪಿಯಾನೋವನ್ನು ಗೆದ್ದಲು ತಿಂದಿತ್ತು. ಉಳಿದದ್ದು ನನ್ನ ಗಂಡ ಒನೋಫ್ರೆಯ ಅಕಾರ್ಡಿಯನ್.

ಒನೋಫ್ರೆ ಜೂನ್ ತಿಂಗಳ ಸಂತರ ಹಬ್ಬಗಳಲ್ಲಿ, ಮದುವೆಗಳಲ್ಲಿ, ಕುಣಿತದ ಚಾವಡಿಗಳಲ್ಲಿ ಮೂವತ್ತು ವರ್ಷ ನುಡಿಸಿದವನು. ಆ ಕಸುಬಿನವರಿಗೆ ಒಂದು ಮರ್ಯಾದೆ ಉಂಟು: ಅಂಗಳದಲ್ಲಿ ಒಂದು ಜೋಡಿ ಕಾಲು ಕುಣಿಯುತ್ತಿದ್ದರೂ ವಾದ್ಯ ನಿಲ್ಲಿಸುವಂತಿಲ್ಲ. ನಿಲ್ಲಿಸಿದವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಒಮ್ಮೆ ಒಂದು ಮದುವೆಯಲ್ಲಿ ಮದುಮಗಳ ಅಜ್ಜ ಕೂರಲೇ ಇಲ್ಲವೆಂದು ಇವನು ಒಂದೇ ಪೋಲ್ಕಾ ಕುಣಿತದ ಮಟ್ಟನ್ನು ಮುಕ್ಕಾಲು ಗಂಟೆ ನುಡಿಸಿದ್ದ.

ಮೊದಲು ಕುರಿಟಿಬಾದಲ್ಲಿ ರಾಜ್ಯದ ಪಂದ್ಯ. ಜಾಸೀರಾ ರಿಬ್ಬನ್ ಹಿಡಿದು ಶುರು ಮಾಡಿದಳು. ಎಷ್ಟು ಚೆಂದ! ಕೊನೆಯ ತಿರುವು ಮುಗಿಸಿ, ವಾದ್ಯ ನಿಂತ ಕೂಡಲೇ ಮಂಡಿಯೂರೋಣವೆಂದು ಕಾದಳು. ವಾದ್ಯ ನಿಲ್ಲಲಿಲ್ಲ. ಸುಮ್ಮನೆ ನಿಂತರೆ ತಪ್ಪಲ್ಲವೇ, ಇನ್ನೊಂದು ಸುತ್ತು ಸುತ್ತಿದಳು. ಹುಡುಗಿ ಇನ್ನೂ ಕುಣಿಯುತ್ತಿದ್ದಾಳೆ ಎಂದು ಒನೋಫ್ರೆ ಇನ್ನೊಂದು ಪಲ್ಲವಿ ಎತ್ತಿಕೊಂಡ. ಇವನು ನಿಲ್ಲಲಿ ಎಂದು ಅವಳು, ಅವಳು ನಿಲ್ಲಲಿ ಎಂದು ಇವನು. ಗೊತ್ತಿದ್ದ ಪಟ್ಟುಗಳೆಲ್ಲ ಮುಗಿದ ಮೇಲೆ ಅವಳು ಪುಸ್ತಕದಲ್ಲಿಲ್ಲದ್ದನ್ನೂ ಮಾಡತೊಡಗಿದಳು. ತೀರ್ಪುಗಾರರು ಗಡಿಯಾರ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರು. ನಾಲ್ಕು ನಿಮಿಷ ಹತ್ತು ಸೆಕೆಂಡಾದಾಗ ರಿಬ್ಬನ್ ಕಾಲಿಗೇ ಸುತ್ತಿಕೊಂಡು ಅವಳು ಬಿದ್ದಳು. ಆಗ ನಿಂತಿತು ವಾದ್ಯ.

"ಮಾವಾ! ಯಾಕೆ ನಿಲ್ಲಿಸಲಿಲ್ಲ?"

"ನೀನು ಯಾಕೆ ಕೂರಲಿಲ್ಲ ಮಗಳೇ? ನನ್ನ ಬೆರಳು ಬಿದ್ದುಹೋಗೋದೊಂದು ಬಾಕಿ ಇತ್ತು!"

ನಾಲ್ಕನೆಯ ಸ್ಥಾನ ಬಂತು. ಆಡಿದವರೂ ನಾಲ್ವರೇ. ರಾಜ್ಯದಲ್ಲಿ ಬೇರೆ ಯಾರೂ ಹೆಸರು ಕೊಡದ್ದರಿಂದ ನಾಲ್ವರಿಗೂ ಸಾವೊ ಪೌಲೊಗೆ ಕರೆ ಬಂತು. ನಮ್ಮ ಪುಣ್ಯ.

ಆಮೇಲೆ ಒಂದು ತಿಂಗಳು ನನ್ನ ಅಡುಗೆಮನೆಯಲ್ಲಿ ಒನೋಫ್ರೆಗೆ ಪಾಠ. ನಾನು ಸೌಟು ಹಿಡಿದು ಕುಣಿಯಬೇಕು, ಒಂದೂವರೆ ನಿಮಿಷಕ್ಕೆ ಅವನು ನಿಲ್ಲಿಸಬೇಕು.

"ಆಗ್ತಿಲ್ಲ ದಿತಾ. ನೀನು ಕಾಲೆತ್ತಿರುವಾಗ ನಾನು ಹೆಂಗೆ ನಿಲ್ಲಿಸ್ಲಿ? ಊಟಕ್ಕೆ ಕೂತವರ ತಟ್ಟೆ ಕಸಿದ ಹಾಗಾಗುತ್ತೆ."

"ನನ್ನ ಸೊಂಟ ಮುರಿದ್ರೆ ನಿನಗೆ ಊಟವೇ ಇಲ್ಲ, ತಿಳಕೋ."

ಕಡೆಗೆ ಜಾಸೀರಾಳೇ ಉಪಾಯ ಹೇಳಿದಳು. ಮಾವ ಕಣ್ಣು ಮುಚ್ಚಿಕೊಂಡು ನುಡಿಸಲಿ, ಕಾಲು ಕಂಡರೆ ತಾನೇ ಕಷ್ಟ. ಅತ್ತೆ ಪಕ್ಕದಲ್ಲಿ ಕೂತು, ಹೊತ್ತಾದ ಕೂಡಲೇ ಚಿವುಟಲಿ.

ಹುರಿದ ಮರಗೆಣಸಿನ ಹಿಟ್ಟಿನಲ್ಲಿ ಹೊರಳಿಸಿದ ಕೋಳಿಯನ್ನು ಡಬ್ಬಿಗೆ ತುಂಬಿಕೊಂಡು ಬಸ್ ಹತ್ತಿದೆವು. ದಾರಿಯುದ್ದಕ್ಕೂ ಜಾಸೀರಾ ಒಂದು ತುಂಡೂ ಮುಟ್ಟಲಿಲ್ಲ. ಅಲ್ಜೀರಾ ಬಂದಿರಲಿಲ್ಲ. ನೋಂದಣಿ ಕಚೇರಿಯ ಅರ್ಜಿಯನ್ನು ಮಾತ್ರ ಮಗಳ ಚೀಲದೊಳಗೆ ಇಟ್ಟು ಕಳಿಸಿದ್ದಳು, ಸಹಿಯೊಂದೇ ಬಾಕಿ.

ದೊಡ್ಡ ಒಳಾಂಗಣ. ಹನ್ನೊಂದು ಹುಡುಗಿಯರು. ಜಾಸೀರಾ ನಡುವೆ ನಿಂತು ನಮ್ಮ ಕಡೆ ಒಮ್ಮೆ ನೋಡಿದಳು. ಒನೋಫ್ರೆ ಕಣ್ಣು ಮುಚ್ಚಿದ, ವಾದ್ಯ ಎಳೆದ. ರಿಬ್ಬನ್ ಮೇಲೆದ್ದಿತು. ನನಗೂ ನೋಡುವ ಆಸೆಯಿರಲಿಲ್ಲವೇ? ಆದರೆ ನಾನು ಇರ್ಮಾ ಟೀಚರ್ ಕೊಟ್ಟ ಗಡಿಯಾರ ಬಿಟ್ಟು ಕಣ್ಣೆತ್ತಲಿಲ್ಲ. ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟು... ಅವಳು ಮೊಹರು ಒತ್ತುವುದೋ ಬಿಡುವುದೋ ಎಲ್ಲ ನನ್ನ ಎರಡು ಬೆರಳಿನಲ್ಲಿದೆ ಎನ್ನಿಸಿ ಶಕ್ತಿಯೆಲ್ಲ ಹಾಕಿ ಚಿವುಟಿದೆ.

"ಆಯ್!" ಎಂದು ಕೂಗಿದ ಒನೋಫ್ರೆ. ವಾದ್ಯ ನಿಂತಿತು. ಜಾಸೀರಾ ಆ ಕ್ಷಣಕ್ಕೇ ಮಂಡಿಯೂರಿದ್ದಳು. ತೊಂಬತ್ತು ಸೆಕೆಂಡು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಜನ ಚಪ್ಪಾಳೆ ಹೊಡೆದರು. ತೀರ್ಪುಗಾರರು ಹೊಡೆಯಲಿಲ್ಲ. ಐವರೂ ತಲೆ ಸೇರಿಸಿ ಗುಸುಗುಸು ಮಾಡಿದರು. ಹಿರಿಯ ತೀರ್ಪುಗಾರ್ತಿ ಕನ್ನಡಕ ತೆಗೆದು ಒನೋಫ್ರೆಯನ್ನು ಕರೆದರು.

"ನೋಡಿ ಯಜಮಾನ್ರೇ, ಸಂಗೀತದಲ್ಲಿ ಹಾಡು ಇರಬಾರದು ಅಂತ ನಿಯಮ ಇದೆ. ನೀವು ಕೊನೇಲಿ 'ಆಯ್' ಅಂದ್ರಿ. ನಿಮ್ಮ ಕಡೆ ಹಾಡುಗಳಲ್ಲಿ 'ಆಯ್, ಆಯ್' ಅಂತ ಬರುತ್ತೆ, ನಾನೂ ಕೇಳಿದೀನಿ. ಇದು ಹಾಡೋ, ಅಲ್ವೋ?"

ಹಾಡು ಎಂದರೆ ಅಂಕ ಹೋಯಿತು. ಜಾಸೀರಾಳ ಮುಖ ಸುಣ್ಣದ ಗೋಡೆಯಂತಾಗಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒನೋಫ್ರೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಅಮ್ಮಾ, ಹಾಡಿನಲ್ಲಿ ನಾವು ಹೇಳೋ 'ಆಯ್' ಎಲ್ಲಾ ಪ್ರೀತಿಯಿಂದ ಬರೋದು. ಇದು ನನ್ನ ಹೆಂಡತಿಯಿಂದ ಬಂದದ್ದು" ಎಂದು ಅಂಗಿಯ ತೋಳು ಮಡಿಸಿ ತೋರಿಸಿದ. ಎರಡು ಉಗುರಿನ ಗುರುತು, ನೇರಳೆ ಹಣ್ಣಿನ ಬಣ್ಣ.

ಹಿರಿಯಾಕೆ ಬಗ್ಗಿ ನೋಡಿದರು. ಮಿಕ್ಕ ನಾಲ್ವರೂ ಎದ್ದು ಬಂದು ನೋಡಿದರು. ಒಬ್ಬರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. "ಇದು ಗಾಯನ ಅಲ್ಲ, ಗಾಯ" ಎಂದು ತೀರ್ಮಾನವಾಯಿತು. ಅಂಕ ಕಳೆಯಲಿಲ್ಲ.

ಜಾಸೀರಾ ಮೂರನೆಯವಳಾದಳು. ಹಿಂತಿರುಗುವ ಬಸ್ಸಿನಲ್ಲಿ ತಣ್ಣಗಾದ ಕೋಳಿಯನ್ನು ಒಬ್ಬಳೇ ಪೂರ್ತಿ ತಿಂದಳು, ಕೈ ಒರೆಸಿಕೊಳ್ಳಲು ಅಮ್ಮನ ಅರ್ಜಿಯ ಕಾಗದವನ್ನೇ ಬಳಸಿದಳು.

ಆ ವರ್ಷವೇ ಯುರೋಪಿಗೆ ಹೋದಳು. ನಮ್ಮ ಕಡೆಯಿಂದ ಈ ಆಟಕ್ಕೆಂದು ಸಮುದ್ರ ದಾಟಿದವರಲ್ಲಿ ಅವಳೇ ಮೊದಲಿಗಳು. ಅಲ್ಲಿ ಅಕಾರ್ಡಿಯನ್‌ನವನಿಗೆ ಟಿಕೆಟ್ ಕೊಡಲಿಲ್ಲ, ಟೇಪಿನ ಪಿಯಾನೋಗೆ ಆಡಿದಳು. ನಲವತ್ತು ಮಂದಿಯಲ್ಲಿ ಮೂವತ್ತೊಂಬತ್ತನೆಯ ಸ್ಥಾನ. ನನಗೆ ಬರೆದ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: "ಅತ್ತೆ, ನನ್ನ ಹಿಂದೆ ಒಬ್ಬಳಿದ್ದಾಳೆ!"

ಒನೋಫ್ರೆ ಆ ಕಾರ್ಡನ್ನು ಬ್ರೆಡ್ಡಿನ ಅಂಗಡಿಗೆ ಒಯ್ದು ಎಲ್ಲರಿಗೂ ಓದಿಸಿದ.

"ಆ ಕೊನೇ ಹುಡುಗಿ ಪಾಪ ಯಾವ ದೇಶದವಳೋ?" ಎಂದು ಅಂಗಡಿಯವನು ಕೇಳಿದ.

"ಯಾವ ದೇಶದವಳಾದ್ರೇನು" ಎಂದ ಒನೋಫ್ರೆ. "ಹೊತ್ತಿಗೆ ಸರಿಯಾಗಿ ಚಿವುಟೋ ಅತ್ತೆ ಇರಲಿಲ್ಲ, ಅಷ್ಟೇ."