ಬಿದ್ದರೆ ಬರಬೇಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಅಂಗವಿಕಲರ ಮನೆಮನೆಗೆ ಹೋಗಿ, ಅವರು ಯಾರ ಹಂಗೂ ಇಲ್ಲದೆ ಬದುಕುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ಕೋಪ ಬೇಕೇ ಬೇಕು. ಕನಿಕರ ತೋರಿಸುವವರು ಊರ ತುಂಬ ಇದ್ದಾರೆ.

ಶಿರಾಳಕೊಪ್ಪದ ಹೊರಗಿನ ಆಶ್ರಯ ಮನೆಗಳ ಸಾಲಿನಲ್ಲಿ ಒಬ್ಬ ಹೆಂಗಸಿಗೆ ಮನೆ ಸಿಕ್ಕಿತ್ತು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು, ಕೈಯೂರಿ ತೆವಳುತ್ತಿದ್ದಳು. ಅಲ್ಲಿಯವರೆಗೆ ಹೊಸಬಾಳೆ ಊರಿನಲ್ಲಿ ಅಣ್ಣನ ಮನೆಯ ಹಿಂದೆ, ದನಗಳ ಪಕ್ಕದಲ್ಲಿ ಮಲಗುತ್ತಿದ್ದವಳು. ನಾನು ಅವಳ ಗ್ಯಾಸ್ ಒಲೆಯನ್ನು ನೆಲಕ್ಕಿಳಿಸಿದೆ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದೆ. ಆದರೆ ಅಕ್ಕಪಕ್ಕದವರು ಅವಳು ಕೊಡ ಮುಟ್ಟಿದರೆ ಸಾಕು, "ಅಯ್ಯೋ ಪಾಪ" ಅಂತ ಓಡಿಬಂದು ಕಿತ್ತುಕೊಳ್ಳುತ್ತಿದ್ದರು. ನನಗೆ ರೇಗಿಹೋಯಿತು. ಎಲ್ಲರನ್ನೂ ಕರೆದು ಹೇಳಿದೆ: "ಬಿದ್ರೂ ಅವಳೇ ಎದ್ದೇಳ್ಲಿ. ಪಾತ್ರೆ ಉರುಳಿದ್ರೂ ಹೋಗಬೇಡಿ, ಕೂಗಿದ್ರೂ ಹೋಗಬೇಡಿ. ಕಲಿಯೋದೇ ಹಾಗೆ."

ಅವರು ಮಾತು ಕೇಳಿದರು. ಎರಡೇ ತಿಂಗಳಲ್ಲಿ ಅವಳು ಅನ್ನ, ಸಾರು ಮಾಡಿ ನನಗೇ ಬಡಿಸಿದಳು. "ಉಪ್ಪು ಎಷ್ಟು ಹಾಕ್ಬೇಕು ಅಂತ ಈಗ ಯಾರನ್ನೂ ಕೇಳಂಗಿಲ್ಲ ನೋಡ್ರೀ" ಎಂದು ನಕ್ಕಳು.

ಒಂದು ದಿನ ಬೆಳಗಿನ ಹನ್ನೊಂದರ ಹೊತ್ತಿಗೆ ಅಣ್ಣ ಯಾರಿಗೂ ಕಾಣದ ಹಾಗೆ ಹಿತ್ತಲ ಬಾಗಿಲಿನಿಂದ ಬಂದ. ಮನೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅವಳ ಹೆಸರಲ್ಲಿ ಬರೆಸಿದ ಕಾಗದ ತಂದಿದ್ದ, ಶಾಯಿಯ ಡಬ್ಬಿ ತಂದಿದ್ದ. ಹೆಬ್ಬೆಟ್ಟು ಒತ್ತು ಎಂದ. ಇವಳು ಒಲ್ಲೆ ಎಂದಳು. ಜುಟ್ಟು ಹಿಡಿದು ಅಡುಗೆಮನೆಯಿಂದ ಹಿತ್ತಲ ಬಾಗಿಲತನಕ ಎಳೆದ. ಇವಳು ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದಳು. ಆ ಮುಷ್ಟಿಯನ್ನು ಹೊಸಿಲ ಮೇಲೆ ಒತ್ತಿಹಿಡಿದು, ರುಬ್ಬುವ ಗುಂಡುಕಲ್ಲು ಎತ್ತಿ ಜಜ್ಜಿದ. ಎರಡು ಸಲ. ಆಮೇಲೆ ಪಕ್ಕೆಗೆ ಒದ್ದ.

ನಾನು ಹೋಗುವ ಹೊತ್ತಿಗೆ ಅವನಿರಲಿಲ್ಲ. ಕಾಗದ ಅಲ್ಲೇ ಬಿದ್ದಿತ್ತು. ಅದರ ಮೇಲೆ ರಕ್ತವಿತ್ತು, ಹೆಬ್ಬೆಟ್ಟಿರಲಿಲ್ಲ.

"ನಿಮ್ಮ ಕಿವಿ ಸತ್ತುಹೋಗಿತ್ತಾ?" ಎಂದು ಬೀದಿಯಲ್ಲಿ ನಿಂತು ಕಿರುಚಿದೆ. ಎದುರುಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. "ನೀವೇ ಹೇಳಿದ್ರಲ್ರೀ ಮೇಡಮ್ಮಾರೆ, ಕೂಗಿದ್ರೂ ಹೋಗಬ್ಯಾಡ್ರಿ ಅಂತ. ಬಿದ್ದಾಳೆ, ಏಳಾದು ಕಲೀತಾಳೆ ಅನ್ಕಂಡು ಸುಮ್ನೆ ಕುಂತ್ವಿ."

ಸಾಲಿಗೆ ಸಾಲೇ ಜಗಲಿಯ ಮೇಲೆ ಕೂತು ಅವಳ ಕೂಗು ಕೇಳಿತ್ತು, ನನ್ನ ಮಾತಿಗೆ ಮರ್ಯಾದೆ ಕೊಟ್ಟು. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಂಡೆ. ಆ ಏಟು ಏನೂ ಸಾಲದು.

ಆಸ್ಪತ್ರೆಯಲ್ಲಿ ನನ್ನ ಧೈರ್ಯವೇ ಉಡುಗಿತ್ತು. "ಸಾಕು ಕಣೇ, ಎಲ್ಲಾದ್ರೂ ಆಶ್ರಮಕ್ಕೆ ಸೇರಿಸ್ತೀನಿ" ಎಂದೆ. ಎರಡು ಬೆರಳು ಮುರಿದಿದ್ದ ಕೈಯನ್ನು ಎದೆಗಾನಿಸಿಕೊಂಡು ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು.

"ಹೊಡ್ದೋನು ಊರಲ್ಲಿ ಆರಾಮಾಗಿರ್ಬೇಕು, ಹೊಡಿಸ್ಕೊಂಡೋಳು ಮನೆ ಬಿಡ್ಬೇಕು. ಯಾವ ಸೀಮೆ ನ್ಯಾಯಾನ್ರೀ ಇದು?"

ಮನೆಗೇ ವಾಪಸು ಹೋದಳು. ಬಾಗಿಲಲ್ಲಿ ಕೂತು, ಸಾಲಿನವರನ್ನೆಲ್ಲ ತಾನೇ ಕರೆದಳು. "ನಾನು ಬಿದ್ರೆ ಬರಬ್ಯಾಡಿ. ಯಾರಾದ್ರೂ ಬೀಳ್ಸಿದ್ರೆ ಬನ್ನಿ" ಎಂದಳು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಬಾಯಿಗೆ ಬಾರದೇ ಹೋದ ಮಾತು ಅದು.

ಪೊಲೀಸರಿಗೆ ದೂರು ಕೊಟ್ಟೆವು, ಕೇಸಾಯಿತು. ಜಾಮೀನಿನ ಮೇಲೆ ಬಿಡುಗಡೆಯಾದವನು ನೆಟ್ಟಗೆ ಇಲ್ಲಿಗೇ ಬಂದ. ನಾನು ಒಳಗೆ ಅವಳ ಕೈಯ ಪಟ್ಟಿ ಬಿಚ್ಚುತ್ತಿದ್ದೆ. ಬಾಗಿಲು ಒದ್ದು ನುಗ್ಗಿದವನು ನನ್ನನ್ನು ಗೋಡೆಗೆ ತಳ್ಳಿ, ಅವಳ ಜುಟ್ಟಿಗೆ ಕೈ ಹಾಕಿದ. ಅವಳು ಒಂದೇ ಸಲ ಕೂಗಿದ್ದು.

ಬಂದರು ನೋಡಿ! ಕಸಬರಿಗೆ, ಸೌದೆ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಹೆಂಗಸರೇ ಹತ್ತು ಜನ. ಎದುರುಮನೆಯಾಕೆಯ ಮೊದಲ ಏಟಿಗೇ ಅವನು ಮಂಡಿಯೂರಿದ, ಎರಡನೆಯದಕ್ಕೆ ಬೋರಲು ಬಿದ್ದ. ನೆಲದ ಮೇಲೆ ಅವನೂ ಅವಳೂ ಈಗ ಸರಿಸಮ. ಅವಳು ಸರಸರನೆ ತೆವಳಿ ಹೋಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿದಳು. ಹಲ್ಲು ಒಳಗೆ ಇಳಿದದ್ದು ನನಗೆ ಕಾಣಿಸಿತು.

"ಬಿಡ್ಸ್ರೀ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅವನು ನನಗೆ ಕೈಮುಗಿದು ಅರಚಿದ. ಸುಳ್ಳು ಯಾಕೆ ಹೇಳಲಿ, ಬಿಡಿಸಲು ನನಗೆ ಮನಸ್ಸೇ ಬರಲಿಲ್ಲ.